‘ಆಗಿನ ಕಾಲವೇ ಹಾಗಿತ್ತು’ ಎನ್ನುವ ಮೊದಲು

ಅಮೆರಿಕದ ಈಶಾನ್ಯ ಭಾಗದ ಒಂದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗವನ್ನು ನೋಡಿಕೊಳ್ಳುವ ನನಗೆ ಓದುಗರ ಅಭಿಪ್ರಾಯಗಳನ್ನು ಕೇಳುವುದು ವೃತ್ತಿಯ ಭಾಗವೇ ಆಗಿದೆ. ಮಕ್ಕಳ ಅಭಿಪ್ರಾಯಗಳು ನನಗೆ ಬೇಸರ ತರಿಸಿದ್ದು ಕಡಿಮೆ. ಆದರೆ ಐತಿಹಾಸಿಕ ಕಾದಂಬರಿಯ ಮಾತು ಬಂದಾಗ ದೊಡ್ಡವರೂ ಚಿಕ್ಕವರೂ ಒಂದೇ ವಾಕ್ಯಕ್ಕೆ ಬಂದು ನಿಂತುಬಿಡುತ್ತಾರೆ: ‘ಆಗಿನ ಕಾಲವೇ ಹಾಗಿತ್ತು.’ ಮೆಚ್ಚಿದವರು ಪುಸ್ತಕದ ಕೊರತೆಯನ್ನು ಕ್ಷಮಿಸಲು ಹೀಗೆನ್ನುತ್ತಾರೆ, ಮೆಚ್ಚದವರು ಪುಸ್ತಕವನ್ನು ಬದಿಗಿಡಲು ಹೀಗೆನ್ನುತ್ತಾರೆ. ಯಾವ ಕಾಲ ಎಂದು ಮರಳಿ ಕೇಳಿದರೆ ಇಬ್ಬರೂ ಗೊಂದಲಕ್ಕೆ ಬೀಳುತ್ತಾರೆ. ಈ ಅಂಕಣವನ್ನು ಬರೆಯುತ್ತಿರುವುದು ಆ ಒಂದು ಗೊಂದಲದ ಸಲುವಾಗಿ.

ಉದಾಹರಣೆಗೆ ಇಲ್ಲಿನ ಶಾಲೆಗಳಲ್ಲಿ ತಲೆಮಾರುಗಳಿಂದ ಓದಿಸುತ್ತ ಬಂದಿರುವ, ಎಲಿಜಬೆತ್ ಜಾರ್ಜ್ ಸ್ಪಿಯರ್ ಅವರ ‘ದಿ ವಿಚ್ ಆಫ್ ಬ್ಲ್ಯಾಕ್‌ಬರ್ಡ್ ಪಾಂಡ್’ ಕಾದಂಬರಿಯನ್ನು ತೆಗೆದುಕೊಳ್ಳುತ್ತೇನೆ. ಇದು 1958ರಲ್ಲಿ ಪ್ರಕಟವಾಗಿ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕವನ್ನು 1959ರಲ್ಲಿ ಪಡೆಯಿತು. ಬಾರ್ಬಡೋಸ್ ದ್ವೀಪದ ಸಿರಿವಂತ ತಾತನ ಮನೆಯಲ್ಲಿ ಬೆಳೆದ ಹದಿನಾರರ ಕಿಟ್ ಟೈಲರ್, ತಾತ ತೀರಿಕೊಂಡ ಮೇಲೆ 1687ರಲ್ಲಿ ಹಡಗು ಹತ್ತಿ ಕನೆಕ್ಟಿಕಟ್ ವಸಾಹತಿನ ವೆದರ್ಸ್‌ಫೀಲ್ಡ್ ಎಂಬ ಊರಿನಲ್ಲಿದ್ದ ಚಿಕ್ಕಮ್ಮ ರೇಚಲ್ ಮನೆಗೆ ಬರುತ್ತಾಳೆ. ಅದು ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ ಊರು. ಕೊಳದ ಬದಿಯಲ್ಲಿ ಒಂಟಿಯಾಗಿ ಬದುಕುವ, ಪ್ಯೂರಿಟನ್ನರಿಗೆ ಆಗದ ಕ್ವೇಕರ್ ಪಂಥದ ಮುದುಕಿ ಹ್ಯಾನಾಳ ಸ್ನೇಹ ಬೆಳೆಸಿದ ತಪ್ಪಿಗೆ ಕಿಟ್ ಮೇಲೆ ಮಾಟಗಾತಿಯೆಂಬ ಆರೋಪ ಬರುತ್ತದೆ. ಉಳಿದ ಕಥೆಯನ್ನು ಓದಿಯೇ ತಿಳಿಯಬೇಕು.

ಇಂಥ ಕಾದಂಬರಿಗೆ ಎರಡು ಇಸವಿಗಳಿರುತ್ತವೆ: ಕಥೆ ನಡೆಯುವ ಇಸವಿ ಒಂದು, ಕಥೆ ಬರೆದ ಇಸವಿ ಇನ್ನೊಂದು. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೆಂದು ಓದುಗರು ತಲೆಯಾಡಿಸುತ್ತಾರೆ. ತಲೆಯಾಡಿಸಿದ ಮರುಗಳಿಗೆಯಲ್ಲಿ, 1958ರ ಲೇಖಕಿ ಆಯ್ದುಕೊಂಡದ್ದನ್ನು 1687ರ ಜನರ ತಲೆಗೆ ಕಟ್ಟುತ್ತಾರೆ, 1687ರಲ್ಲಿ ನಿಜವಾಗಿ ನಡೆಯುತ್ತಿದ್ದುದನ್ನು ಲೇಖಕಿಯ ಕಲ್ಪನೆಯೆಂದು ತಳ್ಳಿಹಾಕುತ್ತಾರೆ. ಆದ್ದರಿಂದ ಬೇಸರವಾದರೂ ಮತ್ತೊಮ್ಮೆ ಹೇಳುತ್ತೇನೆ. ಪುಸ್ತಕದಲ್ಲಿ ನಿಮಗೆ ಹಿಡಿಸದ, ಅಥವಾ ನಂಬಲಾಗದ ಒಂದು ಸಂಗತಿ ಕಂಡರೆ, ಅದು ಕಥೆಯ ಕಾಲದ್ದೋ ಬರೆದ ಕಾಲದ್ದೋ ಎಂದು ಮೊದಲು ವಿಚಾರಿಸಿ. ವಿಚಾರಿಸದೆ ಕೊಟ್ಟ ಅಭಿಪ್ರಾಯ ಕಾದಂಬರಿಗೂ ಸಲ್ಲುವುದಿಲ್ಲ, ಚರಿತ್ರೆಗೂ ಸಲ್ಲುವುದಿಲ್ಲ.

ವಿಚಾರಣೆಯ ಪ್ರಸಂಗವನ್ನೇ ನೋಡಿ. ಕಿಟ್ ಅಷ್ಟು ಸುಲಭವಾಗಿ ಬಿಡುಗಡೆಯಾಗುವುದು ಮಕ್ಕಳ ಪುಸ್ತಕವೆಂಬ ಕಾರಣಕ್ಕೆ ಮಾಡಿಕೊಂಡ ಅನುಕೂಲ, ನಿಜವಾಗಿದ್ದರೆ ಅವಳನ್ನು ಸುಟ್ಟುಬಿಡುತ್ತಿದ್ದರು ಎಂದು ಅನೇಕ ತಂದೆಯಂದಿರು ಖಚಿತವಾಗಿ ಹೇಳುತ್ತಾರೆ. ಆದರೆ ಕನೆಕ್ಟಿಕಟ್ ಸೇರಿದಂತೆ ನ್ಯೂ ಇಂಗ್ಲೆಂಡ್ ಎನ್ನುವ ಈ ಈಶಾನ್ಯ ಭಾಗದಲ್ಲಿ ಮಾಟದ ಆರೋಪಕ್ಕಾಗಿ ಯಾರನ್ನೂ ಸುಡಲಿಲ್ಲ. ಇಂಗ್ಲಿಷ್ ಕಾನೂನಿನಂತೆ ಗಲ್ಲಿಗೇರಿಸುತ್ತಿದ್ದರು. ಕನೆಕ್ಟಿಕಟ್‌ನಲ್ಲಿ 1647ರಿಂದ 1663ರವರೆಗೆ 11 ಮಂದಿಯನ್ನು ಹೀಗೆ ಕೊಂದರು. ಅವರಲ್ಲಿ ವೆದರ್ಸ್‌ಫೀಲ್ಡಿನವರೂ ಇದ್ದರು. ಆ ಬಳಿಕ ಅಲ್ಲಿ ಒಬ್ಬರಿಗೂ ಗಲ್ಲಾಗಲಿಲ್ಲ. ಇದೇ ವೆದರ್ಸ್‌ಫೀಲ್ಡಿನ ಕ್ಯಾಥರೀನ್ ಹ್ಯಾರಿಸನ್ ಎಂಬ ವಿಧವೆಯನ್ನು 1669ರಲ್ಲಿ ಜ್ಯೂರಿ ಅಪರಾಧಿಯೆಂದು ಹೇಳಿದರೂ ನ್ಯಾಯಾಧೀಶರು ಶಿಕ್ಷೆ ಕೊಡಲು ಹಿಂಜರಿದು ಪಾದ್ರಿಗಳ ಸಲಹೆ ಕೇಳಿದರು. ಒಂದೊಂದು ಘಟನೆಯನ್ನು ಒಬ್ಬೊಬ್ಬರೇ ಕಂಡಿದ್ದಾಗಿ ಹೇಳಿದರೆ ಸಾಲದು, ಒಂದೇ ಕೃತ್ಯಕ್ಕೆ ಇಬ್ಬರು ಸಾಕ್ಷಿಗಳಿರಬೇಕು ಎಂಬುದು ಪಾದ್ರಿಗಳ ಉತ್ತರದ ತಿರುಳು. ಆ ಉತ್ತರ ಪಾದ್ರಿಯೂ ವೈದ್ಯರೂ ಆಗಿದ್ದ ಗರ್ಶಮ್ ಬಲ್ಕ್‌ಲಿಯವರ ಕೈಬರಹದಲ್ಲಿದೆ. ಮರುವರ್ಷ ಹ್ಯಾರಿಸನ್ ಊರು ಬಿಡಬೇಕೆಂಬ ಷರತ್ತಿನ ಮೇಲೆ ಬಿಡುಗಡೆಯಾದಳು.

ಈಗ ಕಾದಂಬರಿಯನ್ನು ಮತ್ತೆ ತೆರೆಯಿರಿ. ಕಿಟ್‌ಳ ವಿಚಾರಣೆಯ ನಡುವೆ ಎದ್ದುನಿಂತು, ಪ್ರತಿಯೊಂದು ಆರೋಪಕ್ಕೂ ಒಬ್ಬನೇ ಸಾಕ್ಷಿ ಇರುವುದರಿಂದ ಇವು ಕಾನೂನಿನ ಮುಂದೆ ನಿಲ್ಲುವುದು ಅನುಮಾನ ಎಂಬ ಅರ್ಥದ ಮಾತನ್ನು ಅಳೆದು ತೂಗಿ ಹೇಳುವ ವ್ಯಕ್ತಿ ಇದೇ ಡಾಕ್ಟರ್ ಬಲ್ಕ್‌ಲಿ. ಆ ಊರಿನಲ್ಲಿ ವರ್ಷಗಟ್ಟಲೆ ವಾಸವಾಗಿದ್ದ ಸ್ಪಿಯರ್ ಅವರು ಸ್ಥಳೀಯ ಚರಿತ್ರೆಯನ್ನು ಬಲ್ಲವರಾಗಿದ್ದರು. ಓದುಗರು ಕಟ್ಟುಕಥೆಯೆಂದು ಬಿಟ್ಟುಬಿಡುವ ಈ ಭಾಗದಲ್ಲೇ ಹದಿನೇಳನೆಯ ಶತಮಾನ ಅತ್ಯಂತ ದಟ್ಟವಾಗಿದೆ. ಸೇಲಂನಲ್ಲಿ ಮಾಟದ ಆರೋಪಕ್ಕೆ 19 ಮಂದಿ ಗಲ್ಲಿಗೇರಿದ್ದು 1692ರಲ್ಲಿ, ನೆರೆಯ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ. ಆ ಒಂದು ವರ್ಷವನ್ನು ಇಡೀ ಶತಮಾನಕ್ಕೆ ಹಬ್ಬಿಸಿ ಓದುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ.

ಪ್ಯೂರಿಟನ್ನರು ಹೆಣ್ಣುಮಕ್ಕಳಿಗೆ ಓದು ಕಲಿಸುತ್ತಿರಲಿಲ್ಲ ಎಂಬ ಅಭಿಪ್ರಾಯವೂ ಹೀಗೆಯೇ ಹುಟ್ಟಿದ್ದು. ಕಿಟ್ ಪುಟ್ಟ ಪ್ರೂಡೆನ್ಸ್‌ಗೆ ಕದ್ದುಮುಚ್ಚಿ ಅಕ್ಷರ ಕಲಿಸುತ್ತಾಳೆ, ಮಗು ತನ್ನ ಹೆಸರನ್ನೇ ಮತ್ತೆ ಮತ್ತೆ ಬರೆದು ತುಂಬಿಸಿದ ಪುಸ್ತಕ ಮಾಟಕ್ಕೆ ಪುರಾವೆಯಾಗಿ ವಿಚಾರಣೆಗೆ ಬರುತ್ತದೆ. ಇಷ್ಟನ್ನು ಓದಿದವರು ಊರೇ ಓದಿನ ವೈರಿಯೆಂದು ತಿಳಿಯುತ್ತಾರೆ. ಕನೆಕ್ಟಿಕಟ್‌ನ 1650ರ ಕಾನೂನು ಸಂಹಿತೆ ಮಕ್ಕಳಿಗೆ ಓದು ಕಲಿಸುವ ಹೊಣೆಯನ್ನು ಮನೆಯ ಯಜಮಾನರ ಮೇಲೆ ಹೊರಿಸಿತ್ತು. ಕಾದಂಬರಿಯಲ್ಲೂ ಕಿಟ್ ಮತ್ತು ರೇಚಲ್ ಮಗಳು ಮರ್ಸಿ ಅಡುಗೆಮನೆಯಲ್ಲೇ ಊರಿನ ಮಕ್ಕಳಿಗೆ ಪಾಠ ಹೇಳುತ್ತಾರೆ. ಪ್ರೂಡೆನ್ಸ್‌ಗೆ ಅಕ್ಷರ ತಪ್ಪಿಸಿದ್ದು ಊರಲ್ಲ, ಮಗಳು ದಡ್ಡಿಯೆಂದು ತೀರ್ಮಾನಿಸಿದ ಒಬ್ಬ ತಾಯಿ. ಕೊನೆಗೆ ಆ ಮಗು ಎಲ್ಲರೆದುರು ಬೈಬಲ್ ಓದಿದಾಗ ಹೆಂಡತಿಯ ಮಾತಿಗೆ ಎಂದೂ ಎದುರಾಡದ ತಂದೆ ಹೆಮ್ಮೆಯಿಂದ ದನಿ ಎತ್ತುತ್ತಾನೆ. ಆ ಪುಟವನ್ನು ಗಟ್ಟಿಯಾಗಿ ಓದುವಾಗ ನನ್ನ ಗಂಟಲು ಈಗಲೂ ತುಂಬಿಬರುತ್ತದೆ.

ಇನ್ನು ನನ್ನನ್ನು ಹೆಚ್ಚು ಕಾಡುವ ವಾಕ್ಯಕ್ಕೆ ಬರುತ್ತೇನೆ. ಕಿಟ್ ತನ್ನ ಹಡಗಿನ ಖರ್ಚಿಗೆ, ಸೇವೆಗೆಂದೇ ತನ್ನ ಬಳಿ ಇದ್ದ ಕಪ್ಪು ಗುಲಾಮ ಹುಡುಗಿಯನ್ನು ಮಾರಿರುತ್ತಾಳೆ. ಈ ಸಂಗತಿ ಕಥೆಯ ಆರಂಭದಲ್ಲೇ ಬಂದುಹೋಗುತ್ತದೆ. ಆ ಹುಡುಗಿಯ ಮುಂದಿನ ಗತಿಯೇನೆಂದು ಪುಸ್ತಕ ಹೇಳುವುದಿಲ್ಲ. ಬಹಳಷ್ಟು ಓದುಗರಿಗೆ ಅದು ಕಣ್ಣಿಗೇ ಬಿದ್ದಿರುವುದಿಲ್ಲ. ಬಿದ್ದವರಲ್ಲಿ ಕೆಲವು ಪಾಲಕರು ಪುಸ್ತಕವನ್ನೇ ಕಪಾಟಿನಿಂದ ತೆಗೆಯಿರಿ ಎಂದು ಬರುತ್ತಾರೆ. ಇನ್ನು ಕೆಲವರು ಆಗಿನ ಕಾಲವೇ ಹಾಗಿತ್ತು ಎಂದು ಪುಟ ತಿರುವುತ್ತಾರೆ. 1687ರಲ್ಲಿ ಬಾರ್ಬಡೋಸಿನ ಕಬ್ಬಿನ ತೋಟದ ಒಡೆಯರ ಮೊಮ್ಮಗಳು ಅಂಥ ಮಾರಾಟವನ್ನು ದೊಡ್ಡ ಸಂಗತಿಯೆಂದು ಭಾವಿಸದೆ ಇರುವುದು ಸಹಜ. ಅದು ಕಥೆಯ ಕಾಲದ ಮಾತು. ಆ ಹುಡುಗಿಗೆ ಒಂದು ಹೆಸರನ್ನೂ ಕೊಡದೆ, ಕಥೆಯುದ್ದಕ್ಕೂ ಮತ್ತೆ ನೆನೆಯದೆ, ಕಿಟ್‌ಳನ್ನು ಸ್ವಾತಂತ್ರ್ಯಪ್ರಿಯ ನಾಯಕಿಯೆಂದು ಮೆಚ್ಚಲು ನಮಗೆ ಒಪ್ಪಿಸಿರುವುದು 1958ರ ಆಯ್ಕೆ. ಶಾಲೆಗಳಲ್ಲಿ ಕರಿಯರನ್ನು ಬೇರೆಯಾಗಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಆಗ ನಾಲ್ಕೇ ವರ್ಷವಾಗಿತ್ತು. ಲೇಖಕಿಯ ಮನಸ್ಸಿನಲ್ಲಿ ಏನಿತ್ತೆಂದು ನಾನು ಊಹಿಸಲಾರೆ. ಪುಟದ ಮೇಲೆ ಏನಿದೆ, ಏನಿಲ್ಲ ಎಂಬುದನ್ನಷ್ಟೇ ತೋರಿಸಬಲ್ಲೆ.

ಈ ವಿಷಯದಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಮಗನ ಮನೆಗೆಂದು ಹಾಸನದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿಯದು. ಮೊಮ್ಮಗಳು ದಿನವೂ ಒಂದೊಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತಿದ್ದಳಂತೆ. ಅವರ ಮೊದಲ ಆಕ್ಷೇಪಣೆ ರೇಚಲ್ ಪರವಾಗಿತ್ತು: “ಒಂದು ಕಾಗದ ಹಾಕದೆ ಏಳು ಪೆಟ್ಟಿಗೆ ತಂದು ಇಳಿಸಿದರೆ ಆ ಮನೆಯ ಹೆಂಗಸು ಏನು ಮಾಡಬೇಕು, ನೀವೇ ಹೇಳಿಯಮ್ಮ.” ಮೆಕ್ಕೆಜೋಳದ ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ತಿರುವಬೇಕಾದ ಕಡೆ ಕಿಟ್ ತಾಳ್ಮೆಗೆಟ್ಟು ಎಲ್ಲವನ್ನೂ ಒಮ್ಮೆಗೇ ಸುರಿದು ಊಟ ಕೆಡಿಸುವ ಪ್ರಸಂಗ ಅವರಿಗೆ ಗಂಟುಗಂಟಾದ ರಾಗಿಮುದ್ದೆಯಷ್ಟೇ ಸ್ಪಷ್ಟವಾಗಿ ಅರ್ಥವಾಗಿತ್ತು. ಆಮೇಲೆ ಅವರು ಕೇಳಿದ್ದು ಇದು: “ಹದಿನಾರು ವರ್ಷದ ಹುಡುಗಿಗೆ ಹಿಟ್ಟು ತಿರುವಲು ಬರುವುದಿಲ್ಲ ಎಂದರೆ, ಅಲ್ಲಿ ಅವರ ಮನೆಯಲ್ಲಿ ಇದನ್ನೆಲ್ಲ ಯಾರು ಮಾಡುತ್ತಿದ್ದರು?” ಮೊಮ್ಮಗಳು ಪುಟಗಳನ್ನು ಹಿಂದಕ್ಕೆ ತಿರುವಿ, ಮಾರಿಹೋದ ಹುಡುಗಿಯ ವಾಕ್ಯವನ್ನು ಅಲ್ಲೇ ಮೊದಲ ಬಾರಿಗೆ ಗಮನವಿಟ್ಟು ಓದಿದಳು.

ಅದೇ ಎಳೆಯನ್ನು ಹಿಡಿದರೆ ಕಾದಂಬರಿ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಹಡಗು ಲಾಯದಂತೆ ನಾರುತ್ತಿದೆಯೆಂದು ಕಿಟ್ ಮೂಗು ಮುರಿದಾಗ ಕಪ್ತಾನನ ಮಗ ನ್ಯಾಟ್ ಸಿಡಿದೇಳುತ್ತಾನೆ. ತಮ್ಮ ಹಡಗಿನಲ್ಲಿ ಕುದುರೆಗಳ ವಾಸನೆಯಿದೆ, ಸಂಕೋಲೆಯಲ್ಲಿ ಕೊಳೆತ ಮನುಷ್ಯರ ವಾಸನೆಯಿಲ್ಲ ಎಂಬುದು ಅವನ ಹೆಮ್ಮೆ. ಮಕ್ಕಳಿಗೆ ನ್ಯಾಟ್ ಇಷ್ಟವಾಗುವುದು ಇಲ್ಲಿಂದಲೇ, ನನಗೂ ಅಷ್ಟೇ. ಆದರೆ ಆ ಕುದುರೆಗಳು ಎಲ್ಲಿಗೆ ಹೋಗುತ್ತಿದ್ದವು? ನ್ಯೂ ಇಂಗ್ಲೆಂಡಿನ ಕುದುರೆಗಳು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೋಗಿ, ಗುಲಾಮರು ಕಡಿದ ಕಬ್ಬನ್ನು ಅರೆಯುವ ಗಾಣಗಳನ್ನು ಎಳೆಯುತ್ತಿದ್ದವು. ಕಿಟ್ ಬಿಸಿಲಿನಲ್ಲಿ ಮಂಡಿಯೂರಿ ಕಳೆ ಕೀಳುವ ಈರುಳ್ಳಿ ಸಾಲುಗಳನ್ನೂ ಹಾಗೆಯೇ ನೋಡಬೇಕು. ವೆದರ್ಸ್‌ಫೀಲ್ಡಿನ ಕೆಂಪು ಈರುಳ್ಳಿ ಹೆಸರುವಾಸಿಯಾದದ್ದೇ ಅದೇ ದ್ವೀಪಗಳ ವ್ಯಾಪಾರದಿಂದ. ಹಡಗುಗಳು ಮರಳಿ ಬರುವಾಗ ಸಕ್ಕರೆ, ಕಾಕಂಬಿ, ರಮ್ ತರುತ್ತಿದ್ದವು. ಗುಲಾಮಗಿರಿಯನ್ನು ಬಾರ್ಬಡೋಸಿನಲ್ಲಿ ಬಿಟ್ಟು ಕಿಟ್ ಶುದ್ಧವಾದ ಊರಿಗೆ ಬಂದಳೆಂದು ಬರೆಯುವ ಓದುಗರು ಈ ಈರುಳ್ಳಿಯನ್ನು ಮರೆಯುತ್ತಾರೆ. ಕನೆಕ್ಟಿಕಟ್‌ನಲ್ಲೇ ಗುಲಾಮಗಿರಿ ಪೂರ್ತಿಯಾಗಿ ರದ್ದಾದದ್ದು 1848ರಲ್ಲಿ.

ಆ ನೆಲದ ಮೂಲನಿವಾಸಿಗಳಾದ ವಾಂಗಂಕ್ ಜನರ ವಿಷಯದಲ್ಲೂ ಪುಸ್ತಕ ಬಡವಾಗಿದೆ. ‘ಇಂಡಿಯನ್ನರು’ ದೂರದ ಭಯವಾಗಿಯಷ್ಟೇ ಬರುತ್ತಾರೆ.

ಹಾಗಾದರೆ ಪುಸ್ತಕವನ್ನು ಮಕ್ಕಳಿಗೆ ಕೊಡಬೇಕೇ ಎಂದು ಕೇಳುವ ಪಾಲಕರಿಗೆ, ಮಗುವನ್ನು ನೋಡದೆ ನಾನು ಖಚಿತವಾಗಿ ಉತ್ತರಿಸಲಾರೆ. ಸಾಮಾನ್ಯವಾಗಿ ಹತ್ತು ಹನ್ನೊಂದು ವರ್ಷದವರು ಇದನ್ನು ಓದಬಲ್ಲರು. ಕೊಡಬೇಡಿರೆಂದು ನಾನು ಹೇಳಿದ್ದು ವಿರಳ. ಮೊದಲ ಎರಡು ಅಧ್ಯಾಯಗಳನ್ನು ಜೊತೆಯಲ್ಲಿ ಕುಳಿತು ಓದಿರೆಂದು ಎಲ್ಲರಿಗೂ ಹೇಳುತ್ತೇನೆ. ನಮ್ಮ ಓದುಗೂಟದಲ್ಲಿ ಮಕ್ಕಳು ಅಭಿಪ್ರಾಯ ಬರೆಯುವ ಹಾಳೆಯ ನಡುವೆ ಗೆರೆ ಎಳೆಸಿ, ಎಡಕ್ಕೆ 1687, ಬಲಕ್ಕೆ 1958 ಎಂದು ಬರೆಸುತ್ತೇನೆ. ಈಜು ಬಲ್ಲ ಹೆಣ್ಣು ಮಾಟಗಾತಿಯೆಂಬ ಅನುಮಾನ, ಇಬ್ಬರು ಸಾಕ್ಷಿಗಳ ನಿಯಮ ಎಡಕ್ಕೆ ಸುಲಭವಾಗಿ ಸೇರುತ್ತವೆ. ಕಥೆಯ ಕೊನೆಗೆ ರೇಚಲ್ ಮನೆಯ ಮೂವರು ಹುಡುಗಿಯರಿಗೂ ಮೂವರು ವರರು ಸರಿಯಾಗಿ ಹೊಂದಿಕೊಳ್ಳುವುದು ಯಾವ ಕಡೆಗೆ ಸೇರಬೇಕೆಂಬ ಬಗ್ಗೆ ಮಾತ್ರ ಪ್ರತಿ ವರ್ಷವೂ ಜಗಳವಾಗುತ್ತದೆ. ಆಸ್ತಿಯಿಲ್ಲದ ಒಂಟಿ ಹೆಣ್ಣಿಗೆ ಆ ಊರಿನಲ್ಲಿ ಬೇರೆ ದಾರಿಯೆಲ್ಲಿತ್ತು ಎಂದು ಕೆಲವರು, ಹಾಗಿದ್ದರೆ ಹ್ಯಾನಾ ಹೇಗೆ ಬದುಕಿದಳು ಎಂದು ಉಳಿದವರು. ಈ ಜಗಳವನ್ನು ನಾನು ಬಿಡಿಸುವುದಿಲ್ಲ. ಎರಡೂ ಕಡೆಯವರು ಆಗ ಪುಸ್ತಕ ತೆರೆದು ಪುಟ ಹುಡುಕುತ್ತಿರುತ್ತಾರೆ.