90 ಪರ್ಸೆಂಟ್ ಇದ್ದರೂ ಬಾಣ ತಪ್ಪುವುದು ಯಾಕೆ?

ಜುಲೈನಲ್ಲಿ ಶಿರಸಿಗೆ ಮಳೆ ರಜೆ ಸಿಕ್ಕಿತೆಂದರೆ ಅಕ್ಕನ ಮಗ ಲ್ಯಾಪ್‌ಟಾಪ್ ಬಿಟ್ಟು ಏಳುವುದಿಲ್ಲ. ಅವನಿಗೆ ರೋಲ್ ಪ್ಲೇಯಿಂಗ್ ಗೇಮ್ ಅಂದರೆ ಪ್ರಾಣ. ರಾಕ್ಷಸರು, ಮಾಟಗಾರರು, ಬಿಲ್ಲುಗಾರರು ಇರುವಂಥವು. ದೂರು ಮಾತ್ರ ಯಾವಾಗಲೂ ಒಂದೇ: “ಮಾವಾ, ಈ ಗೇಮು ಮೋಸ ಮಾಡ್ತು. 90 ಪರ್ಸೆಂಟ್ ಅಂತ ತೋರಿಸಿ ಎರಡು ಬಾಣನೂ ತಪ್ಪಿಸ್ತು!”

ಇಂಥ ಗೇಮ್ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವಾಗ ಜನ ಗ್ರಾಫಿಕ್ಸ್, ಕಥೆ, ಎಷ್ಟು ಗಂಟೆ ಆಡಬಹುದು ಎಂಬುದನ್ನೇ ಮಾತಾಡುತ್ತಾರೆ. ನಾನು ಮೊದಲು ನೋಡುವುದು ಅದರೊಳಗಿನ ದಾಳವನ್ನು. ಬಾಣ ತಾಗುತ್ತದೋ, ಬೀಗ ತೆರೆಯುತ್ತದೋ, ಕಾವಲುಗಾರ ನಮ್ಮ ಸುಳ್ಳನ್ನು ನಂಬುತ್ತಾನೋ, ಎಲ್ಲವನ್ನೂ ತೀರ್ಮಾನಿಸುವುದು ಅದೇ.

ಹುಡುಗನ ದೂರನ್ನೇ ಲೆಕ್ಕ ಹಾಕೋಣ. 90 ಪರ್ಸೆಂಟ್ ಎಂದರೆ ಬಾಣ ತಾಗುವ ಸಾಧ್ಯತೆ, ಅಂದರೆ ಹತ್ತರಲ್ಲಿ ಒಂದು ಬಾಣ ತಪ್ಪುತ್ತದೆ. ಸಾಲಾಗಿ ಎರಡು ತಪ್ಪುವುದು ನೂರಕ್ಕೊಂದು ಸಲ. ಅಪರೂಪ ಅಲ್ವಾ? ಆದರೆ ಒಂದು ಮಧ್ಯಾಹ್ನ ಅವನು ನೂರು ಬಾಣ ಬಿಟ್ಟರೆ, ಎಲ್ಲೋ ಒಂದು ಕಡೆ ಸಾಲಾಗಿ ಎರಡು ತಪ್ಪುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಮೋಸ ಏನೂ ಇಲ್ಲ. ತಾಗಿದ ಬಾಣಗಳು ಮರೆತುಹೋಗುತ್ತವೆ, ತಪ್ಪಿದ್ದು ಮಾತ್ರ ತಲೆಯಲ್ಲಿ ಉಳಿಯುತ್ತದೆ.

ಗೇಮ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಕೆಲವರು ನಿಜವಾಗಿಯೂ ಸುಳ್ಳು ಹೇಳುತ್ತಾರೆ, ಅದೂ ನಮ್ಮ ಪರವಾಗಿ! ಜಪಾನಿನ ‘ಫೈರ್ ಎಂಬ್ಲಮ್’ ಸರಣಿಯ 2002ರ ಗೇಮಿನಲ್ಲಿ ಒಂದು ಚಂದದ ಉಪಾಯ ಬಂತು. ಕಂಪ್ಯೂಟರ್ 0ಯಿಂದ 99ರೊಳಗೆ ಒಂದರ ಬದಲು ಎರಡು ಸಂಖ್ಯೆ ಎತ್ತಿ, ಅವುಗಳ ಸರಾಸರಿ ನೋಡುತ್ತದೆ. ಅದು ಪರದೆಯ ಮೇಲಿನ ಸಂಖ್ಯೆಗಿಂತ ಕಡಿಮೆ ಇದ್ದರೆ ಏಟು ತಾಗಿತು. ಸರಾಸರಿ ಯಾವಾಗಲೂ ನಡುವಿಗೆ ಎಳೆಯುತ್ತದೆ. ಹಾಗಾಗಿ ಪರದೆಯ ಮೇಲಿನ 90, ಒಳಗೆ 98.1 ಆಗಿರುತ್ತದೆ. 70 ಎಂದರೆ 82.3. 20 ಎಂದು ತೋರಿಸಿದ್ದು ಬರೀ 8.2. ಸಾಮಾನ್ಯವಾಗಿ ನಮ್ಮ ವೀರನಿಗೆ ದೊಡ್ಡ ಸಂಖ್ಯೆ, ಶತ್ರುವಿಗೆ ಸಣ್ಣದು. ಲಾಭ ಯಾರಿಗೆ ಎಂದು ಹೇಳಬೇಕಾಗಿಲ್ಲ. ಆಡುವವರಿಗೆ ಮಾತ್ರ ‘ಈ ಗೇಮು ನ್ಯಾಯವಾಗಿದೆ’ ಅನ್ನಿಸುತ್ತದೆ.

2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ರದ್ದು ಬೇರೆ ದಾರಿ. ಅಲ್ಲಿ 20 ಮುಖದ ದಾಳ ಪರದೆಯ ಮೇಲೇ ಉರುಳುತ್ತದೆ. ಇದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕೂತು ಆಡುವ ಆಟದಿಂದ ಬಂದ ದಾಳ. ಒಂದರಿಂದ ಇಪ್ಪತ್ತರವರೆಗೆ ಎಲ್ಲಕ್ಕೂ ಸಮ ಪಾಲು, ತಲಾ 5 ಪರ್ಸೆಂಟ್. ನಮ್ಮ ಚೌಕಾಬಾರದ ಕವಡೆ ಹೀಗಲ್ಲ. ನಾಲ್ಕು ಕವಡೆ ಬೀಳುವ ರೀತಿ ಒಟ್ಟು 16. ಅದರಲ್ಲಿ ಎರಡು ಅಂಗಾತ ಬೀಳುವುದು ಆರು ರೀತಿ, ನಾಲ್ಕೂ ಅಂಗಾತ ಬೀಳುವುದು ಒಂದೇ ರೀತಿ. (ನಿಜವಾದ ಕವಡೆ ಎರಡೂ ಕಡೆಗೆ ಸಮನಾಗಿ ಬೀಳುವಷ್ಟು ಸಾಧು ಅಲ್ಲ, ಆ ಮಾತು ಬೇರೆ.) ಕವಡೆಯಂತೆ ಸಂಖ್ಯೆಗಳು ನಡುವೆ ಗುಂಪಾಗುವ ಗೇಮಿನಲ್ಲಿ ಪಾತ್ರದ ಪಳಗಿದ ಕೈ ಕೆಲಸಕ್ಕೆ ಬರುತ್ತದೆ. 20 ಮುಖದ ದಾಳದಲ್ಲಿ ಮಹಾಪಂಡಿತನೂ ಒಮ್ಮೊಮ್ಮೆ ಪೆದ್ದನಾಗುತ್ತಾನೆ. ನನಗೆ ಈ ತಮಾಷೆ ಇಷ್ಟ. ಸೋಲು ಸಹಿಸದವರಿಗಾಗಿ ‘ಕಾರ್ಮಿಕ್ ಡೈಸ್’ ಎಂಬ ಆಯ್ಕೆಯೂ ಅಲ್ಲಿದೆ. ಸೋಲು ಸಾಲುಗಟ್ಟಿ ಬರದಂತೆ ಅದು ನೋಡಿಕೊಳ್ಳುತ್ತದೆ. ಬೇಡವೆಂದರೆ ಆಫ್ ಮಾಡಬಹುದು. ಸುಳ್ಳು ಹೇಳುವುದಾದರೆ ಹೀಗೆ ತಿಳಿಸಿ ಹೇಳಬೇಕು.

ಕರೆಂಟಿನ ವಿಷಯ ನಮ್ಮ ಕಡೆಯವರು ಮರೆಯುವ ಹಾಗಿಲ್ಲ. ಮರ ಬಿದ್ದು ಲೈನು ಹೋದರೆ ಕಥೆ ಮುಗಿಯಿತು. ಬೇಕೆಂದಲ್ಲಿ ಸೇವ್ ಮಾಡಲು ಬಿಡದ ಗೇಮಿಗೆ ಮಲೆನಾಡಿನಲ್ಲಿ ಅಂಕ ಕತ್ತರಿಸಲೇಬೇಕು. ಸೇವ್‌ನಲ್ಲೂ ಒಂದು ಸ್ವಾರಸ್ಯ ಇದೆ. ಕಂಪ್ಯೂಟರ್ ದಾಳ ಉರುಳಿಸುವುದಿಲ್ಲ, ‘ಸೀಡ್’ ಎಂಬ ಒಂದು ಸಂಖ್ಯೆಯಿಂದ ಶುರುಮಾಡಿ ಲೆಕ್ಕ ಹಾಕುತ್ತಾ ಹೋಗುತ್ತದೆ. ಅದೇ ಸೀಡ್ ಕೊಟ್ಟರೆ ಅದೇ ಸಂಖ್ಯೆಗಳು ಅದೇ ಸಾಲಿನಲ್ಲಿ ಬರುತ್ತವೆ. ಸೀಡ್ ಕೂಡ ಸೇವ್ ಆಗಿದ್ದರೆ, ಹಿಂದಕ್ಕೆ ಹೋಗಿ ಅದೇ ಬಾಣ ಬಿಟ್ಟಾಗ ಅದು ಮತ್ತೆ ತಪ್ಪುತ್ತದೆ. 2012ರ ‘ಎಕ್ಸ್‌ಕಾಮ್’ನಲ್ಲಿ ಹೀಗೇ ಆಗುತ್ತಿತ್ತು.

ಇಲ್ಲಿಯವರೆಗಿನದು ಆಟದ ಮಾತು. ದುಡ್ಡು ಸೇರಿದಾಗ ಇದೇ ಲೆಕ್ಕ ಕಹಿಯಾಗುತ್ತದೆ. ರಾಕ್ಷಸ ಸತ್ತಾಗ ನೂರಕ್ಕೊಂದು ಸಲ ಒಳ್ಳೆಯ ಕತ್ತಿ ಬೀಳುತ್ತದೆ ಎನ್ನಿ. ನೂರು ರಾಕ್ಷಸರನ್ನು ಕೊಂದವನಿಗೆ ಕತ್ತಿ ಗ್ಯಾರಂಟಿ ಎಂದುಕೊಳ್ಳಬೇಡಿ. ಹಾಗೆ ಕೊಂದ ನೂರು ಜನರಲ್ಲಿ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ. ಫೋನಿನ ಗೇಮುಗಳಲ್ಲಿ ಆ ಒಂದೊಂದು ಪ್ರಯತ್ನಕ್ಕೂ ಹಣ ಕೊಡುವ ದಾರಿ ಇರುತ್ತದೆ. ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಹೊಸ ಪಾತ್ರಕ್ಕೆ ಲಾಟರಿ ಚೀಟಿಯಂತೆ ಎಳೆಯಬೇಕು. ಒಂದು ಸಲ ಎಳೆದಾಗ ಐದು ನಕ್ಷತ್ರದ, ಅಂದರೆ ತೀರಾ ಅಪರೂಪದ ಪಾತ್ರ ಬರುವ ಮೂಲ ಸಾಧ್ಯತೆ 0.6 ಪರ್ಸೆಂಟ್. ಬರೀ ಅದನ್ನೇ ನಂಬಿದರೆ 90 ಸಲ ಎಳೆದರೂ ನೂರರಲ್ಲಿ 58 ಜನರಿಗೆ ಏನೂ ಸಿಗುವುದಿಲ್ಲ. ಅದಕ್ಕೇ 90ನೆಯ ಸಲಕ್ಕೆ ಗ್ಯಾರಂಟಿ ಇಟ್ಟಿದ್ದಾರೆ. ಸುಮ್ನೆ ಕರುಣೆಯಿಂದಲ್ಲ, ಅಲ್ಲಿಯವರೆಗೆ ಎಳೆಯುವ ಆಸೆಯೂ ಅದರಿಂದಲೇ ಹುಟ್ಟುತ್ತದೆ. ದುಡ್ಡು ಕೊಟ್ಟು ತೆರೆಯುವ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿ ಜೂಜು ಎಂದೇ ಪರಿಗಣಿಸಿತು.

ಆದರೂ ಗೆನ್‌ಶಿನ್‌ನವರು ಈ ಅಂಕಿಗಳನ್ನು ಗೇಮಿನೊಳಗೇ ಬರೆದಿಟ್ಟಿದ್ದಾರೆ, ಹುಡುಕಿದರೆ ಸಿಗುತ್ತವೆ. ಅಷ್ಟನ್ನೂ ಬರೆಯದ ಗೇಮು ಎಷ್ಟೇ ಚಂದ ಇದ್ದರೂ ನಾನು ಹುಡುಗನ ಫೋನಿಗೆ ಹಾಕಿಕೊಡುವುದಿಲ್ಲ.