ಮುಂಡೆ: ತಲೆ ಇಲ್ಲದವಳಲ್ಲ, ತಲೆ ಬೋಳಿಸಿದವಳು

‘ಮುಂಡೆ ಅಂದರೆ ರುಂಡ ಇಲ್ಲದೆ ಬರೀ ಮುಂಡ ಇರುವವಳು, ಅಂದರೆ ಬುದ್ಧಿ ಇಲ್ಲದವಳು.’ ಈ ತಿಂಗಳು ಈ ವಿವರಣೆ ಕಣ್ಣಿಗೆ ಬಿದ್ದದ್ದು ಇದು ಮೂರನೇ ಸಲ. ಬೈಗುಳವನ್ನು ಯಾರಿಗೂ ಹೇಳಿಕೊಡಬೇಕಿಲ್ಲ; ಅದರ ಹುಟ್ಟನ್ನು ಹೇಳಬೇಕಾಗಿದೆ.

ಸಂಸ್ಕೃತದ ‘ಮುಂಡ’ಕ್ಕೆ ಬೋಳಿಸಿದ್ದು ಎಂಬ ಅರ್ಥ, ತಲೆ ಎಂದೂ ಆಗುತ್ತದೆ. ತಲೆ ಹೋದ ದೇಹಕ್ಕೆ ಅಲ್ಲಿ ‘ರುಂಡ’ ಎನ್ನುತ್ತಾರೆ. ತಮಾಷೆಯೆಂದರೆ ಕನ್ನಡದಲ್ಲಿ ಎರಡೂ ಅದಲು ಬದಲಾಗಿ, ನಮಗೆ ರುಂಡವೇ ತಲೆ, ಮುಂಡ ಅದರ ಕೆಳಗಿನದು. ಹಾಗಂತ ಹಳೆಯ ಅರ್ಥ ಅಳಿಸಿಹೋಗಿಲ್ಲ. ಮುಂಡಾಸು ಸುತ್ತುವುದು ತಲೆಗೆ, ಸೊಂಟಕ್ಕಲ್ಲ. ಮುಂಡನವೂ ತಲೆಯದೇ. ಮಾಲಾ ಮಾಲೆಯಾದಂತೆ ಮುಂಡಾ ಮುಂಡೆಯಾಯಿತು: ತಲೆ ಬೋಳಿಸಿದವಳು. ಗಂಡ ಸತ್ತ ಹೆಂಗಸನ್ನು, ಮುಖ್ಯವಾಗಿ ಬ್ರಾಹ್ಮಣರ ಮನೆಗಳಲ್ಲಿ, ಕ್ಷೌರಿಕನ ಮುಂದೆ ಕೂರಿಸುತ್ತಿದ್ದರು. ಕೂದಲು ಚಿಗುರಿದಾಗಲೆಲ್ಲ ಮತ್ತೆ ಕೂರಿಸುತ್ತಿದ್ದರು.

ಅನುಮಾನವಿದ್ದವರು ‘ಮುಂಡೆ ಮದುವೇಲಿ ಉಂಡವನೇ ಜಾಣ’ ಗಾದೆಯಲ್ಲಿ ‘ದಡ್ಡಿ’ ಎಂದು ಹಾಕಿ ನೋಡಿ. ಗಾದೆಯೇ ಸತ್ತುಹೋಗುತ್ತದೆ. ವಿಧವೆಯ ಮದುವೆಗೆ ಹೇಳೋರು ಕೇಳೋರು ಯಾರೂ ಇಲ್ಲ, ಸಿಕ್ಕವನು ಉಂಡು ಹೋಗಲಿ ಎಂಬುದೇ ಅಲ್ಲಿನ ವ್ಯಂಗ್ಯ. ವಿಧವೆಯ ಮರುಮದುವೆಗೆ 1856ರಲ್ಲೇ ಕಾನೂನು ಬಂತು. ಗಾದೆ ಇವತ್ತಿಗೂ ಸುದ್ದಿಯ ತಲೆಬರಹದಲ್ಲಿ ಮೆರೆಯುತ್ತಿದೆ.

‘ಬೋಳಿ’ ಇದರ ಅಚ್ಚಗನ್ನಡ ರೂಪ. ಆದ್ದರಿಂದ ಗೆಳೆಯನನ್ನು ಬೋಳಿಮಗ ಎಂದು ತಬ್ಬಿಕೊಳ್ಳುವವರು ಅವನ ತಾಯಿಯನ್ನು ವಿಧವೆ ಮಾಡಿರುತ್ತಾರೆ, ಅಷ್ಟೇ. ‘ರಂಡೆ’ಯೂ ಮೂಲದಲ್ಲಿ ವಿಧವೆಯೇ, ಹಿಂದಿಗೆ ಹೋಗಿ ರಂಡಿಯಾಗುವಷ್ಟರಲ್ಲಿ ವೇಶ್ಯೆಯಾದಳು. ಗಂಡನಿಲ್ಲದವಳ ನಡತೆಯ ಮೇಲೆ ಊರಿಗೆಲ್ಲ ಕಣ್ಣು. ಆ ಅನುಮಾನವೇ ಪದದ ಅರ್ಥವಾಗಿ ಕೂತಿತು. ಹೆಂಡತಿ ಸತ್ತವನಿಗೆ ‘ವಿಧುರ’ ಎಂಬ ಮರ್ಯಾದಸ್ತ ಪದವಿದೆ. ಅದನ್ನು ಹಿಡಿದು ಯಾರೂ ಯಾರನ್ನೂ ಬೈದದ್ದು ಕೇಳಿಲ್ಲ. ತಲೆ ಬೋಳಿಸಿದ ಸನ್ಯಾಸಿಯೂ ಮುಂಡನೇ. ಮುಂಡಕೋಪನಿಷತ್ತಿನ ಹೆಸರಿನಲ್ಲಿರುವುದೂ ಇದೇ ಮುಂಡ, ಅದಕ್ಕೆ ಕೈ ಮುಗಿಯುತ್ತೇವೆ.

ಹಳೇ ಮೈಸೂರಿನ ಕಡೆ ‘ಮುಂಡೇದು’ ಮುದ್ದಿನ ಮಾತು ಎಂಬ ವಾದ ಬಂದೇ ಬರುತ್ತದೆ. ನಿಜ. ನಮ್ಮಜ್ಜಿ ಮೊಮ್ಮಕ್ಕಳನ್ನೆಲ್ಲ ‘ಉಣ್ಣು ಬಾ ಮುಂಡೇದೇ’ ಎಂದೇ ಕರೆಯುತ್ತಿದ್ದಳು. ಅಜ್ಜ ತೀರಿಕೊಂಡ ಮೇಲೆ ಹೆಸರು ಹಿಡಿದು ಕೂಗತೊಡಗಿದಳು.