ಬೆಂಕಿ ನಿಲ್ಲಿಸಿದ ಕಂಬ, ಹಿಮ ಉಜ್ಜಿದ ನೆಲ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ನಡುವಿನ ಡೆವಿಲ್ಸ್ ಪೋಸ್ಟ್‌ಪೈಲ್‌ನಲ್ಲಿ ಸುಮಾರು 18 ಮೀಟರ್ ಎತ್ತರದ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು) ಕಂಬಗಳು ಒತ್ತೊತ್ತಾಗಿ ನಿಂತಿವೆ. ಬುಡದಲ್ಲಿ ಮುರಿದುಬಿದ್ದ ತುಂಡುಗಳ ರಾಶಿ. ಅಲ್ಲೇ ನಿಂತು ಫೋಟೊ ತೆಗೆದು ಮರಳಬೇಡಿ. ಪಕ್ಕದ ಕಾಲುದಾರಿ ಹಿಡಿದು ನೆತ್ತಿಗೆ ಹತ್ತದಿದ್ದರೆ ಅರ್ಧ ಕತೆ ತಪ್ಪಿಹೋಗುತ್ತದೆ.

ಮೊದಲರ್ಧ ಬೆಂಕಿಯದು. ಲಕ್ಷ ವರ್ಷದ ಈಚೆಗೆ ಇಲ್ಲಿ ಹರಿದ ಲಾವಾ ಕಣಿವೆಯಲ್ಲಿ ಮಡುಗಟ್ಟಿತು. ಕೆಲವೆಡೆ ಅದರ ಆಳ 120 ಮೀಟರ್. ಅಷ್ಟು ದಪ್ಪದ ರಾಶಿ ಬೇಗ ಆರದು. ತಣಿಯುತ್ತ ಗಟ್ಟಿಯಾದ ಕಲ್ಲು ಕುಗ್ಗಬೇಕು, ಆದರೆ ಅಕ್ಕಪಕ್ಕದ ಕಲ್ಲು ಅದನ್ನು ಹಿಡಿದಿಟ್ಟಿರುತ್ತದೆ. ಆ ಎಳೆತಕ್ಕೆ ಬಿರುಕು ಬಿಡುತ್ತದೆ. ಬತ್ತಿದ ಕೆರೆಯ ಕೆಸರು ಸೀಳುವುದೂ ಹೀಗೆಯೇ. ಅಲ್ಲಿ ನೀರು ಹೋಗಿ ಕುಗ್ಗುತ್ತದೆ, ಇಲ್ಲಿ ಶಾಖ ಹೋಗಿ. ಮೂರು ಬಿರುಕುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಕೂಡಿದರೆ ಎಳೆತ ಎಲ್ಲ ಕಡೆಗೂ ಸಮನಾಗಿ ಸಡಿಲಾಗುತ್ತದೆ. ಸುತ್ತಲೂ ಅದೇ ಕೋನ ಒದಗಿದಾಗ ಷಟ್ಕೋನ ಮೂಡುತ್ತದೆ. ತಂಪು ಒಳಕ್ಕೆ ಇಳಿದಂತೆ ಬಿರುಕೂ ಇಳಿಯುತ್ತದೆ, ಕಂಬ ಉದ್ದವಾಗುತ್ತದೆ. ನಿಧಾನವಾಗಿ ಆರಿದಷ್ಟೂ ಕಂಬ ದಪ್ಪ. ಕೆಲವು ಕಂಬಗಳು ಬಿಲ್ಲಿನಂತೆ ಬಾಗಿವೆಯಲ್ಲ, ಶಾಖ ಹೊರಬಿದ್ದ ದಾರಿಯೇ ಅಲ್ಲಿ ಬಾಗಿತ್ತು.

ಈ ಬಿರುಕು ಯಾವ ಹಂತದಲ್ಲಿ ಬಿಡುತ್ತದೆ? ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ಐಸ್‌ಲ್ಯಾಂಡಿನ ಬಸಾಲ್ಟನ್ನು ಕಾಯಿಸಿ, ತಣಿಸಿ ನೋಡಿ 2018ರಲ್ಲಿ ಉತ್ತರ ಕೊಟ್ಟರು: 840ರಿಂದ 890 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂದರೆ ಕಲ್ಲು ಇನ್ನೂ ಕೆಂಪಗೆ ಹೊಳೆಯುತ್ತಿರುವಾಗಲೇ! ನನಗಂತೂ ಈ ಕಂಬಗಳ ವಿಷಯದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಬೇರೆಯಿಲ್ಲ.

ಇವನ್ನು ಸಿಡಿಸಿ ನದಿಗೆ ಉರುಳಿಸಿ ಅಣೆಕಟ್ಟು ಕಟ್ಟುವ ಪ್ರಸ್ತಾಪವೂ ಒಮ್ಮೆ ಬಂದಿತ್ತು. 1911ರಲ್ಲಿ ಅಮೆರಿಕದ ಅಧ್ಯಕ್ಷ ಟಾಫ್ಟ್ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದ್ದರಿಂದ ಉಳಿಯಿತು.

ಇನ್ನು ನೆತ್ತಿ. ಹಿಮಯುಗದಲ್ಲಿ ಹಿಮನದಿಯೊಂದು ಈ ಲಾವಾ ರಾಶಿಯ ಮೇಲೆ ಹಾದು, ಬಹುಪಾಲನ್ನು ಕಿತ್ತುಕೊಂಡು ಹೋಯಿತು. ನಾವಿಂದು ಕಂಬಗಳ ಗೋಡೆಯನ್ನು ನೋಡುತ್ತಿರುವುದು ಅದರಿಂದಲೇ. ಉಳಿದ ಕಂಬಗಳ ತಲೆಯನ್ನು ಅದು ಉಜ್ಜಿ ನುಣುಪು ಮಾಡಿದೆ. ಐದು, ಆರು, ಏಳು ಮೂಲೆಯ ಕಲ್ಲುಗಳು ಒಂದಕ್ಕೊಂದು ಕೂಡಿ, ಹಾಸುಗಲ್ಲಿನ ಅಂಗಳದಂತೆ ಕಾಲಡಿ ಹರಡಿವೆ. ಬಗ್ಗಿ ನೋಡಿದರೆ ಅವುಗಳ ಮೇಲೆ ಉದ್ದನೆಯ ಗೀರುಗಳಿವೆ, ಹಿಮದ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಎಳೆದವು. ಬೆರಳಾಡಿಸಿ ನೋಡಿ, ಹಿಮ ಸಾಗಿದ ದಾರಿ ಕೈಗೇ ತಿಳಿಯುತ್ತದೆ.